ಕುರ್ಚಿಗೂ ಕಾಲುಚೀಲ ತೊಡಿಸಿದ ಮನೆ

ಆ ಮನೆಯಲ್ಲಿ ಕುರ್ಚಿಗಳಿಗೂ ಕಾಲುಚೀಲ ಹಾಕಿದ್ದರು. ಹಳೆಯ ಉಣ್ಣೆಯ ಚೀಲಗಳು, ಹೆಬ್ಬೆರಳ ಹತ್ತಿರ ಹರಿದ ಮೇಲೆ ಮನುಷ್ಯರ ಕಾಲಿನಿಂದ ಮರದ ಕಾಲಿಗೆ ಬಡ್ತಿ ಪಡೆದಂಥವು. ಬಾಗಿಲುಗಳ ತಿರುಗಣಿಗೆ ತಪ್ಪದೆ ಎಣ್ಣೆ ಬೀಳುತ್ತಿತ್ತು. ಗೋಡೆ ಗಡಿಯಾರಕ್ಕೆ ಗಂಟೆ ಬಾರಿಸುವ ಸುತ್ತಿಗೆ ಇರಲಿಲ್ಲ. ಅದನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ಎಲ್ಲೋ ಜೋಪಾನವಾಗಿ ಇಟ್ಟಿದ್ದರು, ಎಷ್ಟು ಜೋಪಾನವೆಂದರೆ ಎಲ್ಲಿಟ್ಟದ್ದು ಎನ್ನುವುದೇ ಯಾರಿಗೂ ನೆನಪಿರಲಿಲ್ಲ. ಹೊಲಿಗೆ ಯಂತ್ರ ಮಡಿಸಿದ ಕಂಬಳಿಯ ಮೇಲೆ ಕೂತು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಒಳಗೊಳಗೇ ಗುರುಗುಟ್ಟುತ್ತಿತ್ತು.

ಇಷ್ಟೆಲ್ಲ ಏರ್ಪಾಡು ಒಬ್ಬ ಮನುಷ್ಯನ ನಿದ್ದೆಗಾಗಿ. ಅವನು ರಾತ್ರಿ ಬಸ್ಸಿನ ಚಾಲಕ. ಊರು ದೀಪ ಹಚ್ಚುವ ಹೊತ್ತಿಗೆ ಮನೆಯಿಂದ ಹೊರಡುವನು. ಅರ್ಧ ದಾರಿಯಲ್ಲಿ ಎದುರಿನಿಂದ ಬರುವ ಬಸ್ಸಿನ ಚಾಲಕನ ಜೊತೆ ಸೀಟು ಬದಲಾಯಿಸಿಕೊಂಡು, ಊರು ಹಲ್ಲುಜ್ಜುವ ಹೊತ್ತಿಗೆ ವಾಪಸಾಗುವನು. ಬಂದವನೇ ಎರಡು ತುತ್ತು ತಿಂದು, ಕಪ್ಪು ಪರದೆ ಎಳೆದ ಕೋಣೆಯೊಳಗೆ ಮಲಗಿಬಿಟ್ಟರೆ ಮನೆ ಉಸಿರು ಬಿಗಿಹಿಡಿಯುತ್ತಿತ್ತು.

ಹೀಗೆ ಬಿಗಿಹಿಡಿಯುವುದಕ್ಕೆ ಒಂದು ಕಾರಣವಿತ್ತು. ಮಗಳು ಹುಟ್ಟುವ ಮೊದಲು ಒಂದು ಹಗಲು, ಮನೆ ತುಂಬ ನೆಂಟರು. ನಗು, ಹರಟೆ, ಮಕ್ಕಳ ಓಟ. ಅವನಿಗೆ ಕಣ್ಣು ಮುಚ್ಚಲಾಗಲಿಲ್ಲ. ಆ ರಾತ್ರಿ ನೇರ ರಸ್ತೆಯಲ್ಲಿ ಅವನ ರೆಪ್ಪೆ ಒಂದೇ ಒಂದು ಸಲ ಭಾರವಾಯಿತು. ಕಣ್ಣು ತೆರೆದಾಗ ಎಡಗಡೆಯ ಚಕ್ರಗಳು ಜಲ್ಲಿಯ ಮೇಲೆ ಕರಕರ ಎನ್ನುತ್ತಿದ್ದವು. ಬಸ್ಸನ್ನು ಮೆಲ್ಲಗೆ ರಸ್ತೆಗೆ ತಂದ. ಹಿಂದೆ ಮಲಗಿದ್ದವರಲ್ಲಿ ಒಬ್ಬರಿಗೂ ಎಚ್ಚರವಾಗಲಿಲ್ಲ. ಆದರೆ ಬೆಳಿಗ್ಗೆ ಮನೆಗೆ ಬಂದವನೇ ತಾಯಿಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದ.

ಮುದುಕಿ ದೈವಭಕ್ತೆ. ಮಗನ ಮಾತು ಕೇಳಿ ನೇರ ಹೋಗಿ ಪ್ರಾರ್ಥನೆಗೆ ಕೂತಳು. ಎದ್ದು ಬಂದು ಸೊಸೆಯ ಕಡೆ ನೋಡಿ ಹೇಳಿದಳು: "ಇವತ್ತಿಂದ ಈ ಮನೇಲಿ ಹಗಲು ಅನ್ನೋದಿಲ್ಲ. ಅವನ ರೆಪ್ಪೆ ಮೇಲೆ ಒಂದು ಬಸ್ಸು ಜನ ಕೂತಿದ್ದಾರೆ, ತಿಳೀತಾ?"

ತಿಳಿಯಿತು. ಆ ಪಿಸುಮಾತಿನೊಳಗೇ ಮಗಳು ಹುಟ್ಟಿದಳು, ಅದರಲ್ಲೇ ಹಾಲ್ಹಲ್ಲು ಬಿತ್ತು. ಎಳೆಗೂಸಾಗಿದ್ದಾಗ ಅಳುವ ಮುಂಚೆ ಒಮ್ಮೆ ಕೋಣೆಯ ಬಾಗಿಲು ನೋಡುತ್ತಿದ್ದಳು ಎಂದು ಅಜ್ಜಿ ಹೇಳುವುದುಂಟು. ಅಜ್ಜಿಯ ಮಾತಿನಲ್ಲಿ ಉಪ್ಪುಖಾರ ಒಂದಿಷ್ಟು ತೆಗೆದರೂ ಮಿಕ್ಕಿದ್ದು ನಿಜವೇ. ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಚಿಲಿಪಿಲಿ ಮಾತ್ರ ಇರಲಿಲ್ಲ.

ಹೀಗಿರುವಾಗ ಒಂದು ವಸಂತದಲ್ಲಿ, ಕಣ್ಣಿಗೆ ಕಾಣದ ಕಾಯಿಲೆಯೊಂದು ದೇಶದಿಂದ ದೇಶಕ್ಕೆ ನಡೆದು ಬಂತು. ಶಾಲೆಗೆ ಬೀಗ, ಅಂಗಡಿಗೆ ಬೀಗ, ಮನೆಯ ಬಾಗಿಲಿಗೂ ಬೀಗ ಹಾಕದ ಬೀಗ. ಬಸ್ಸುಗಳು ನಿಂತವು. ಅವನ ಬಸ್ಸು ಡಿಪೋದ ಹಿಂಬದಿ ಸಾಲಿನಲ್ಲಿ ಮರದಡಿ ನಿಂತಿದೆಯೆಂದೂ, ಅದರ ನೆತ್ತಿಯ ಮೇಲೆ ಹೂವು ಉದುರಿ ಉದುರಿ ಮದುಮಗನ ಥರ ಕಾಣುತ್ತಿದೆಯೆಂದೂ ಕಾವಲುಗಾರ ಫೋನಿನಲ್ಲಿ ಹೇಳಿ ನಕ್ಕ. ಬೀದಿಯಲ್ಲಿ ಆಗೊಮ್ಮೆ ಆಂಬುಲೆನ್ಸು ಕೂಗಿಕೊಂಡು ಹೋಗುವುದು. ಅದು ಹೋದ ಮೇಲೆ ಮೌನ ಮತ್ತೂ ದಪ್ಪವಾಗುವುದು. ಯಾರೋ ದೊಡ್ಡವರು ಊರಿನ ಒಳಕೋಣೆಯಲ್ಲಿ ಹಗಲು ಮಲಗಿದ್ದಾರೆ, ಅವರಿಗೆ ಎಚ್ಚರವಾಗಬಾರದು ಎಂದು ಇಡೀ ಊರೇ ತುದಿಗಾಲಲ್ಲಿ ನಡೆಯುತ್ತಿರುವ ಹಾಗಿತ್ತು.

ಮದುವೆಯಾದ ಮೇಲೆ ಮೊದಲ ಸಲ ಅವನು ತನ್ನ ಮನೆಯ ಮಧ್ಯಾಹ್ನವನ್ನು ಕಂಡ.

ನಿದ್ದೆ ಹತ್ತದೆ ಕೋಣೆಯಿಂದ ಹೊರಬಂದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ನೀರಿನ ಬೋಗುಣಿಯೊಳಗೆ ಇಳಿದಿತ್ತು. ಅಲ್ಲಿಂದ ಪುಟಿದು ಸೂರಿನ ಮೇಲೆ ಬಂಗಾರದ ಬಲೆಯಂತೆ ಅಲುಗಾಡುತ್ತಿತ್ತು. ಕಿಟಕಿಯಾಚೆ ಬೀದಿಯ ಮರ ಮೈತುಂಬ ನಸುಗೆಂಪು ಹೂ ಹೊತ್ತು ನಿಂತಿತ್ತು. ಅವನು ಆ ಮರವನ್ನು ಸಂಜೆಗತ್ತಲಲ್ಲಿ, ಇಲ್ಲವೇ ಬೆಳಗಿನ ನಿದ್ದೆಗಣ್ಣಲ್ಲಿ ಮಾತ್ರ ನೋಡಿದ್ದ. ಅದು ಎಲೆಯ ಮರ ಎಂದೇ ತಿಳಿದಿದ್ದ.

"ಇದು ದಿನಾ ಹೀಗೇ ಬರುತ್ತಾ?" ಸೂರಿನ ಕಡೆ ಕೈತೋರಿ ಕೇಳಿದ.

"ಬರುತ್ತೆ," ಹೆಂಡತಿ ಪಿಸುಗುಟ್ಟಿದಳು. ಅವಳ ಮಡಿಲ ತುಂಬ ಹೊಲಿಯಬೇಕಾದ ಮುಖಗವಸುಗಳು. "ನೀವು ಮಲಗಿರ್ತೀರಿ."

ಅವನು ಒಂದು ಲೋಟ ನೀರು ತೆಗೆದುಕೊಳ್ಳಲು ಹೋದ. ಹಗಲಿನ ಅಡುಗೆಮನೆ ಅವನಿಗೆ ಹೊಸದು. ಎಲ್ಲಿ ಏನಿದೆ ಗೊತ್ತಿಲ್ಲ. ಕೈ ತಗುಲಿ ಸ್ಟೀಲ್ ಲೋಟ ಕೆಳಗೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಠಣ್ ಠಣ್ ಎಂದು ಉರುಳಿಕೊಂಡು ಬಾಗಿಲ ತನಕ ಹೋಯಿತು. ಮೇಜಿನ ಬಳಿ ಚಿತ್ರ ಬರೆಯುತ್ತಿದ್ದ ಗುಬ್ಬಿ ತಲೆ ಎತ್ತಲಿಲ್ಲ. ಬೆರಳನ್ನು ತುಟಿಗಿಟ್ಟು, "ಶ್! ಅಪ್ಪ ಮಲಗಿದ್ದಾರೆ!" ಎಂದಳು.

ಆಮೇಲೆ ತಿರುಗಿ ನೋಡಿದಳು. ಅಪ್ಪ ನಿಂತಿದ್ದ.

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಹೆಂಡತಿಯ ಭುಜಗಳು ಕುಣಿದವು. ಗುಬ್ಬಿ ಮೇಜಿನ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡಳು. ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು, ಒಂದಿಷ್ಟೂ ಸದ್ದಿಲ್ಲದೆ. ಅವನು "ಹಹ್ಹಾ" ಎಂದು ಗಟ್ಟಿಯಾಗಿ ನಕ್ಕ. ಆ ನಗೆ ಗೋಡೆಗೆ ಬಡಿದು ವಾಪಸು ಬಂದು ಅವನ ಕಾಲ ಬಳಿ ಬಿತ್ತು. ಬೇರೆಯವರ ಮನೆಯಲ್ಲಿ ಜೋರಾಗಿ ಸೀನಿದವನಂತೆ ಅವನು ಬಾಯಿ ಮುಚ್ಚಿಕೊಂಡ.

ಅಂದಿನಿಂದ ಅವನು ಮನೆಯನ್ನು ನೋಡತೊಡಗಿದ. ನೋಡನೋಡುತ್ತ ತಿಳಿಯಿತು, ಈ ಮನೆಗೊಂದು ಭಾಷೆ ಇದೆ, ತನಗೊಬ್ಬನಿಗೇ ಅದು ಬರುವುದಿಲ್ಲ. ಮೇಜಿಗೆ ಬೆರಳಲ್ಲಿ ಒಮ್ಮೆ ತಟ್ಟಿದರೆ ಊಟಕ್ಕೆ ಬಾ. ಕಿವಿಯ ಹಾಲೆ ಹಿಡಿದರೆ ಬಾಗಿಲಲ್ಲಿ ಯಾರೋ ಬಂದಿದ್ದಾರೆ. ಮೂಗು ಮುರಿದರೆ ಎದುರುಮನೆಯ ಹಲ್ಲಿನ ಡಾಕ್ಟರು ಮತ್ತೆ ಬಾಲ್ಕನಿಯಲ್ಲಿ ನಿಂತು ಹಾಡುತ್ತಿದ್ದಾರೆ. ಕೀಳಲು ಹಲ್ಲು ಸಿಗದೆ ಆ ಮನುಷ್ಯ ರಾಗದ ಹಲ್ಲು ಕೀಳುತ್ತಿದ್ದರು ಪಾಪ. ಜಗಳಕ್ಕೂ ಸನ್ನೆ, ರಾಜಿಗೂ ಸನ್ನೆ. ಅತ್ತೆ ಸೊಸೆ ಒಂದು ದಿನ ಬೆಳಗ್ಗೆಯಿಡೀ ಕೈಬೆರಳಲ್ಲೇ ಜಗಳವಾಡಿ, ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಹಣ್ಣು ಹೆಚ್ಚಿಕೊಂಡು ತಿಂದದ್ದನ್ನು ಅವನು ಬಾಯಿ ಬಿಟ್ಟುಕೊಂಡು ನೋಡಿದ.

"ನನಗೂ ಒಂದು ಸನ್ನೆ ಇರಬೇಕಲ್ಲ? ಅಪ್ಪ ಅನ್ನೋದಕ್ಕೆ?" ಎಂದು ಒಂದು ದಿನ ಗುಬ್ಬಿಯನ್ನು ಕೇಳಿದ.

ಅವಳು ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿದಳು.

"ಅದು ನಿದ್ದೆ ಅಲ್ವಾ?"

"ಎರಡಕ್ಕೂ ಒಂದೇ," ಎಂದು ಪಿಸುಗುಟ್ಟಿದಳು.

ಅವನಿಗೆ ಎದೆಯೊಳಗೆ ಎಲ್ಲೋ ಸಣ್ಣ ಮುಳ್ಳು ಮುರಿದಂತಾಯಿತು. ಆದರೆ ಅದು ಮುಳ್ಳು ಮಾತ್ರ. ಗಾಯವಾದದ್ದು ಶಾಲೆಯ ಹಾಡಿನ ದಿನ.

ಶಾಲೆಯ ಟೀಚರು ಮನೆಮನೆಯ ಫೋನಿಗೆ ಒಂದು ಹಾಡು ಕಳಿಸಿದ್ದರು, ಬಾಗಿಲು ಮುಚ್ಚುವ ಮುಂಚೆ ತರಗತಿಯಲ್ಲಿ ಮುದ್ರಿಸಿಕೊಂಡದ್ದು. ಹೆಂಡತಿ ಹೊಲಿಯುತ್ತ ಅದನ್ನು ಸಣ್ಣಗೆ ಹಾಕಿದಳು. ಮೋಡವೊಂದು ಬೆಟ್ಟದ ಮೇಲೆ ಮಲಗಲು ಹೋಗಿ ದಾರಿ ತಪ್ಪಿದ ಹಾಡು. ಮಕ್ಕಳೆಲ್ಲ ಹಿಂದೆ ಗುಂಪಾಗಿ ಹಾಡುತ್ತಿದ್ದರೆ ಒಂದು ಮಗು ಮುಂದೆ ನಿಂತು ಎತ್ತಿಕೊಡುತ್ತಿತ್ತು. ಅವನು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ಕಿವಿಗೊಟ್ಟ.

"ಯಾರ ಮಗುವೇ ಅದು? ಏನು ಗಂಟಲು! ಕಂಚು ಕಂಚು! ಹೆತ್ತವರು ಪುಣ್ಯವಂತರು ಬಿಡು."

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ಒಂದು ಗಳಿಗೆ ಕಾದಳು. ಅಲ್ಲ ಎಂದು ತಿಳಿದ ಮೇಲೆ ಕಣ್ಣು ಕೆಳಗೆ ಹಾಕಿ, "ನಿಮ್ಮದೇರೀ," ಎಂದಳು.

ಅವನು ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿಯತೊಡಗಿದ. ತನ್ನ ಸ್ವಂತ ಮಗಳ ದನಿ! ದಾರಿಯ ಕತ್ತಲಲ್ಲಿ ಎಂಜಿನ್ನಿನ ಒಂದು ತಿರುಪು ಸಡಿಲವಾದರೂ ಅವನ ಕಿವಿ ಹಿಡಿಯುತ್ತಿತ್ತು. ಮಗಳ ದನಿ ಗುರುತು ಹಿಡಿಯಲಿಲ್ಲ.

ಸಂಜೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಆ ಮೋಡದ ಹಾಡು ಹೇಳು ಪುಟ್ಟಾ," ಎಂದ. ಅವಳು ಬಾಯಿ ತೆರೆದಳು. ತುಟಿ ಅಲುಗಿತು, ಉಸಿರು ಬಂತು, ಹಾಡು ಬರಲಿಲ್ಲ.

"ಜೋರಾಗಿ ಹೇಳು. ನಾನು ಎದ್ದೇ ಇದ್ದೀನಲ್ಲ."

ಅವಳು ಮತ್ತೊಮ್ಮೆ ಪ್ರಯತ್ನಿಸಿದಳು. ಕುತ್ತಿಗೆಯ ನರ ಉಬ್ಬಿತು. ಕೊನೆಗೆ ಸಣ್ಣ ಮುಖ ಮಾಡಿ, ಅವನ ಕಿವಿಗೆ ಬಾಯಿಟ್ಟು ಹೇಳಿದಳು: "ಇಲ್ಲಿಲ್ಲಪ್ಪ ಅದು. ಶಾಲೇಲಿದೆ. ಬಣ್ಣದ ಡಬ್ಬಿ ಜೊತೆ ಬೀರೂನಲ್ಲಿ ಇಟ್ಟು ಬರ್ತೀನಿ. ಮನೆಗೆ ತರೋ ಹಾಗಿಲ್ಲ."

"ಯಾರು ಹಾಗಂದ್ರು?"

ಅವಳು ಭುಜ ಕುಣಿಸಿದಳು. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವನಿಗೆ ಒಂದೇ ಹಟ ಹಿಡಿಯಿತು. ಬಸ್ಸುಗಳು ಎಂದಾದರೂ ಹೊರಡಲೇಬೇಕು. ಹೊರಟ ಮೇಲೆ ತಾನು ಮತ್ತೆ ಆ ಕಪ್ಪು ಪರದೆಯ ಹಿಂದೆ ಹೋಗುವವನೇ. ಅದಕ್ಕೆ ಮುಂಚೆ ಒಂದು ಸಲ, ಈ ಗೋಡೆಗಳ ನಡುವೆ, ಆ ಕಂಚಿನ ದನಿ ಕೇಳಬೇಕು. ಇಲ್ಲದಿದ್ದರೆ ಅವಳು ದೊಡ್ಡವಳಾಗಿ ಹೊರಟುಹೋಗುವ ತನಕ ತಾನು ಈ ಮನೆಯಲ್ಲಿ ಅಂಗೈ ಮೇಲಿನ ಕೆನ್ನೆಯಾಗಿಯೇ ಉಳಿದುಬಿಡುತ್ತೇನೆ.

ಕುರ್ಚಿಗಳ ಕಾಲುಚೀಲ ಕಿತ್ತೆಸೆದ. ಮರುದಿನ ನೋಡಿದರೆ ಅವು ಒಗೆದು ಒಣಗಿ ಸ್ವಸ್ಥಾನಕ್ಕೆ ಬಂದಿದ್ದವು.

"ಅಮ್ಮಾ, ಇದೇನಮ್ಮಾ ಇದು?"

"ನೀನು ಮಲಗೋನು. ಎದ್ದಿರೋದು ಒಂದು ನಾಕು ದಿನ," ಎಂದಳು ತಾಯಿ, ಪ್ರಾರ್ಥನೆಯಿಂದ ಕಣ್ಣು ಅರ್ಧ ತೆರೆದು. "ರೂಢಿ ತಪ್ಪಿದರೆ ಮತ್ತೆ ಕಟ್ಟೋದು ಕಷ್ಟ ಕಣೋ."

"ನಿನ್ನ ಪ್ರಾರ್ಥನೇನಾದ್ರೂ ಗಟ್ಟಿಯಾಗಿ ಹೇಳು. ಅದನ್ನೂ ಪಿಸುಗುಟ್ಟಿಕೊಂಡು."

"ದೇವರ ಕಿವಿ ಚುರುಕಪ್ಪಾ. ನಿನ್ನ ಥರ ಅಲ್ಲ."

ತಾಯಿ ನಗೆಯಾಡಿದ್ದಳು. ಆದರೆ ಮಗನ ಮುಖ ಸಪ್ಪಗಾದದ್ದನ್ನು ಕಂಡು ಅವಳ ತುಟಿಯ ಮೇಲಿನ ಜಪ ಒಂದು ಗಳಿಗೆ ನಿಂತಿತು.

ಬೇರೇನೂ ತೋಚದೆ ಅವನು ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈಹಾಕಿದ. ಒಂದು ಮಧ್ಯಾಹ್ನ ನಡುಮನೆಯ ಕುರ್ಚಿಗಳನ್ನೂ ಸ್ಟೂಲುಗಳನ್ನೂ ಎರಡೆರಡಾಗಿ ಸಾಲಿಟ್ಟ, ನಡುವೆ ಓಡಾಡಲು ದಾರಿ ಬಿಟ್ಟು. ಮುಂದೆ ಒಂದು ಗಿಡ್ಡ ಸ್ಟೂಲು. ದೊಡ್ಡ ಪಾತ್ರೆಯ ಮುಚ್ಚಳ ಸ್ಟೀರಿಂಗು. ಕೋಣೆಯ ಕಪ್ಪು ಪರದೆ ಬಿಚ್ಚಿ ತಂದು ನಡುಮನೆಯ ಕಿಟಕಿಗೆ ಕಟ್ಟಿದ, ರಾತ್ರಿಯಾಯಿತು.

"ಹತ್ತಿ, ಹತ್ತಿ. ರಾತ್ರಿ ಬಸ್ಸು. ಕಿಟಕಿ ಸೀಟು ಖಾಲಿ ಇದೆ."

"ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನನಗೆ," ಎನ್ನುತ್ತಲೇ ಅಜ್ಜಿ ಎಲ್ಲರಿಗಿಂತ ಮುಂಚೆ ಹೋಗಿ ಕಿಟಕಿ ಸೀಟು ಹಿಡಿದಳು. ಹೆಂಡತಿ ಮಡಿಲಲ್ಲಿ ಹೊಲಿಗೆಯಿಟ್ಟುಕೊಂಡು ಕೂತಳು. ಗುಬ್ಬಿ ಅವನ ಹಿಂದಿನ ಸೀಟಿನಲ್ಲಿ.

ಬಸ್ಸು ಹೊರಟಿತು. ಅವನು ಮುಚ್ಚಳ ಹಿಡಿದು, ಮುಂದಿನ ಕತ್ತಲನ್ನು ನೋಡುತ್ತ, ಮೆಲ್ಲನೆಯ ದನಿಯಲ್ಲಿ ದಾರಿ ಹೇಳುತ್ತ ಹೋದ. "ಈಗ ಊರು ಮುಗೀತು. ಕೊನೇ ದೀಪ ಒಂದು ಪೆಟ್ರೋಲು ಬಂಕಿಂದು. ಅದರ ಕೆಳಗೆ ಒಂದು ನಾಯಿ ಕೂತಿರುತ್ತೆ, ದಿನಾ. ನಾನು ದೀಪ ತಗ್ಗಿಸ್ತೀನಿ, ಅದು ಬಾಲ ಆಡಿಸುತ್ತೆ. ಈಗ ಸೇತುವೆ. ಕೆಳಗೆ ನದಿ ಇದೆ, ಕಾಣಲ್ಲ, ತಂಪು ಗಾಳಿ ಬಂತಲ್ಲ, ಅದೇ ನದಿ. ಈಗ ಇಳಿಜಾರು. ಎರಡೂ ಕಡೆ ಮರ ಬಾಗಿ ಕೈಕೈ ಹಿಡ್ಕೊಂಡಿರುತ್ತೆ, ಹಸಿರು ಗವಿ ಒಳಗೆ ಹೋದ ಹಾಗೆ. ದೂರದಲ್ಲಿ ಒಂದೇ ಒಂದು ಮನೆ ದೀಪ. ಯಾರೋ ಕಾಯಿಲೆ ಮಗೂನ ನೋಡ್ಕೊಂಡು ಎದ್ದಿದ್ದಾರೆ ಅಂದ್ಕೋತೀನಿ ನಾನು. ಮಗು ಹುಷಾರಾಗ್ಲಿ ಅಂತ ಹೇಳಿ ಮುಂದೆ ಹೋಗ್ತೀನಿ."

ಗುಬ್ಬಿ ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಗಲ್ಲವಿಟ್ಟಳು. ಅಪ್ಪ ಎಂದರೆ ಮುಚ್ಚಿದ ಬಾಗಿಲು ಎಂದುಕೊಂಡಿದ್ದವಳಿಗೆ ಆ ಬಾಗಿಲ ಹಿಂದೆ ಇಷ್ಟುದ್ದ ದಾರಿ ಇದೆ ಎಂದು ಯಾರೂ ಹೇಳಿರಲಿಲ್ಲ.

"ಹಿಂದೆ ಜನ ಏನ್ ಮಾಡ್ತಿರ್ತಾರೆ?" ಪಿಸುಗುಟ್ಟಿದಳು.

"ಮಲಗಿರ್ತಾರೆ. ಅವರನ್ನ ಎಬ್ಬಿಸದೆ ಒಯ್ಯೋದೇ ನನ್ನ ಕೆಲಸ. ಬ್ರೇಕಿನ ಕೆಳಗೆ ಹಸಿ ಮೊಟ್ಟೆ ಇದೆ ಅನ್ನೋ ಹಾಗೆ ಕಾಲಿಡಬೇಕು. ತಿರುವಿನಲ್ಲಿ ಅವರ ತಲೆ ಕಿಟಕಿಗೆ ಬಡೀಬಾರದು."

"ನಾವು ನಿಮ್ಮನ್ನ ಮಲಗಿಸೋ ಹಾಗೆ."

ಅವನು ತಿರುಗಿ ನೋಡಿದ. ಹೌದಲ್ಲ! ರಾತ್ರಿಯಿಡೀ ತಾನು ಊರಿನ ನಿದ್ದೆ ಕಾಯುತ್ತೇನೆ, ಹಗಲಿಡೀ ಈ ಮೂವರು ತನ್ನ ನಿದ್ದೆ ಕಾಯುತ್ತಾರೆ. ಇಷ್ಟು ವರ್ಷ ಅದು ಹೊಳೆದಿರಲಿಲ್ಲ.

"ಸದ್ದಾದರೆ ಎದ್ದುಬಿಡ್ತಾರಾ?"

"ಇಲ್ಲ ಪುಟ್ಟಾ. ಅದೇ ವಿಚಿತ್ರ. ಎಂಜಿನ್ ಗೊರಗೊರ ಅಂತಿದ್ರೆ ಹಾಯಾಗಿ ಮಲಗಿರ್ತಾರೆ. ಎಂಜಿನ್ ಆಫ್ ಮಾಡಿ ನೋಡು, ಒಬ್ಬೊಬ್ಬರಾಗಿ ಕಣ್ಣು ಬಿಡ್ತಾರೆ." ಹೇಳಿ ಮುಗಿಸಿದವನು, ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವನಂತೆ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದ. ಆಮೇಲೆ ಕೇಳಿದ: "ಅಂದ ಹಾಗೆ ನಮ್ಮ ಬಸ್ಸಿಗೆ ಎಂಜಿನ್ನೇ ಇಲ್ವಲ್ಲ? ಎಂಜಿನ್ ಇಲ್ದೆ ಹೇಗೆ ಓಡ್ತಿದೆ ಇದು?"

ಗುಬ್ಬಿ ಯೋಚಿಸಿದಳು. ತುಟಿ ಮುಚ್ಚಿಕೊಂಡೇ, ಗಂಟಲ ತಳದಿಂದ, ಬಾವಿಯ ನೀರು ಅಲುಗಿದ ಹಾಗೆ ಒಂದು ದನಿ ತೆಗೆದಳು: "ಊಂ..."

ಅವನು ತಿರುಗಲಿಲ್ಲ. ತಿರುಗಿದರೆ ಹಕ್ಕಿ ಹಾರಿಹೋದೀತೆಂದು ಮುಂದೆಯೇ ನೋಡುತ್ತ ಮುಚ್ಚಳ ತಿರುಗಿಸಿದ.

ಆಮೇಲೆ ಮಧ್ಯಾಹ್ನವಾದರೆ ಬಸ್ಸು. ಹೂ ಬಿಟ್ಟ ಮರದ ಪರಿಮಳ ಪರದೆಯ ಅಂಚಿನಿಂದ ಒಳಗೆ ಬರುತ್ತಿತ್ತು. ಗುಬ್ಬಿಯ ಎಂಜಿನ್ನು ದಿನದಿಂದ ದಿನಕ್ಕೆ ಗಟ್ಟಿಯಾಯಿತು. ಆದರೆ ಅದು ಎಂಜಿನ್ನೇ. ಮಾತಿಗೆ ಬಂದರೆ ಮತ್ತೆ ಪಿಸುಮಾತು. ಹಾಡಿನ ಸುದ್ದಿ ಅವನು ಎತ್ತಲೇ ಇಲ್ಲ.

ಹೀಗಿರುವಾಗ ಡಿಪೋದಿಂದ ಫೋನು ಬಂತು. ಬರುವ ಸೋಮವಾರದಿಂದ ಬಸ್ಸು ಬಿಡುತ್ತಾರೆ, ಅರ್ಧ ಸೀಟು ಖಾಲಿಯಿಟ್ಟು, ಮುಖಗವಸು ಹಾಕಿಕೊಂಡು.

ಸುದ್ದಿ ಕೇಳಿದ್ದೇ ತಡ, ಮನೆ ತನ್ನ ಹಳೆಯ ಮೈಗೆ ಮರಳತೊಡಗಿತು. ಹೆಂಡತಿ ಹೊಲಿಗೆ ಯಂತ್ರದ ಕೆಳಗಿನ ಕಂಬಳಿಯನ್ನು ಮತ್ತೊಂದು ಮಡಿಕೆ ದಪ್ಪ ಮಾಡಿದಳು. ತಾಯಿ ಎಣ್ಣೆಯ ಬಟ್ಟಲು ಹಿಡಿದು ತಿರುಗಣಿಗಳ ಬಳಿ ಹೋದಳು. ಅವನು ನೋಡುತ್ತಿದ್ದ ಹಾಗೇ ಗುಬ್ಬಿ ನೆಲದ ಮೇಲೆ ಮಂಡಿಯೂರಿ ಕೂತು, ಯಾರೂ ಹೇಳದಿದ್ದರೂ, ಕುರ್ಚಿಯ ಕಾಲಿನಿಂದ ಜಾರಿದ್ದ ಚೀಲವನ್ನು ಮೇಲೆಳೆದು ಸರಿಮಾಡಿದಳು. ಎಳೆಯ ಮಗುವಿಗೆ ತಾಯಿ ಹಾಕುವಷ್ಟು ಮುತುವರ್ಜಿಯಿಂದ.

ಅವನಿಗೆ ಅದು ತಡೆಯಲಾಗಲಿಲ್ಲ.

"ಗುಬ್ಬೀ, ಬಾ ಇಲ್ಲಿ. ಇವತ್ತು ಕೊನೇ ಟ್ರಿಪ್ಪು. ಇವತ್ತು ನೀನೇ ಓಡ್ಸು."

"ನಾನಾ? ನೀವು?"

"ನಾನು ಪ್ಯಾಸೆಂಜರು. ಇಷ್ಟು ವರ್ಷದಲ್ಲಿ ಒಂದು ದಿನ ಆದ್ರೂ ಹಿಂದೆ ಕೂತಿದ್ದೀನಾ? ನಿಯಮ ಎರಡೇ, ಕೇಳು. ಎಂಜಿನ್ ನಡೀತಿರುವಾಗ ಚಾಲಕರು ಸೀಟು ಬಿಟ್ಟು ಏಳೋ ಹಾಗಿಲ್ಲ. ಕೊನೇ ಪ್ಯಾಸೆಂಜರು ಇಳಿಯೋ ತನಕ ಎಂಜಿನ್ ಆಫ್ ಮಾಡೋ ಹಾಗಿಲ್ಲ. ಊರು ಬಂದಾಗ ಕೂಗಿ ಹೇಳ್ಬೇಕು."

ಅವನ ಮನಸ್ಸಿನಲ್ಲಿ ಒಂದು ಹೂಟವಿತ್ತು. ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಬಂದ ಹಾಗೆ ನಟಿಸುವುದು. ಪಿಸುಗುಟ್ಟಿದರೆ ಏಳುವುದಿಲ್ಲ. ಸೀಟು ಬಿಟ್ಟು ಬಂದು ಅಲುಗಿಸುವ ಹಾಗಿಲ್ಲ. ಮತ್ತೇನು ಮಾಡುತ್ತಾಳೆ? ಕೂಗಲೇಬೇಕು.

ಬಸ್ಸು ಹೊರಟಿತು. ಗುಬ್ಬಿ ಮುಚ್ಚಳ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬ್ರೇಕಿನ ಕೆಳಗಿನ ಕಾಣದ ಮೊಟ್ಟೆಯ ಮೇಲೆ ಪುಟ್ಟ ಪಾದ ಮೆತ್ತಗೆ. "ಊಂ..." ಎಂಜಿನ್ನು ಸಮವಾಗಿ ನಡೆಯುತ್ತಿತ್ತು. ನಡುನಡುವೆ ಉಸಿರೆಳೆದುಕೊಂಡು ದಾರಿ ಹೇಳುತ್ತಿದ್ದಳು: ನಾಯಿ ಬಾಲ ಆಡಿಸಿತು. ನದಿ ಬಂತು. ಮರದ ಗವಿ ಬಂತು. ಕಾಯಿಲೆ ಮಗು ಹುಷಾರಾಗಿದೆ, ದೀಪ ಆರಿಸಿದ್ದಾರೆ.

ಅವನು ನಟಿಸಲೆಂದು ಕಣ್ಣು ಮುಚ್ಚಿದ. ಕುರ್ಚಿಯ ಬೆನ್ನಿಗೆ ತಲೆ ಆನಿಸಿದ. ಕತ್ತಲೊಳಗೆ ಆ ದನಿ ನೀರಿನಂತೆ ಸುತ್ತಲೂ ತುಂಬಿಕೊಂಡಿತು. ರಸ್ತೆ ಮೆತ್ತಗೆ ಬಿಚ್ಚಿಕೊಳ್ಳುತ್ತಿತ್ತು, ಯಾರೋ ರೇಷ್ಮೆಯ ಥಾನನ್ನು ಬಯಲಿಗೆ ಉರುಳಿಸಿಬಿಟ್ಟಂತೆ. ಬಸ್ಸು ತನ್ನದೇ, ಮೇಲೆ ಹೂವು ಹೊತ್ತಿದೆ, ತಾನು ಓಡಿಸುತ್ತಿಲ್ಲ. ಯಾರು ಓಡಿಸುತ್ತಿದ್ದಾರೆ ಎಂದು ನೋಡಬೇಕೆನಿಸಿತು, ನೋಡದಿದ್ದರೂ ಪರವಾಗಿಲ್ಲ ಎನಿಸಿತು. ಚಕ್ರಗಳು ಜಲ್ಲಿಯ ಕಡೆ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ಅವನ ರೆಪ್ಪೆಗಳ ಮೇಲೆ ಯಾರೂ ಕೂತಿರಲಿಲ್ಲ.

ಮುಂದಿನದು ಅವನು ಕಂಡದ್ದಲ್ಲ. ಆಮೇಲೆ ಹೆಂಡತಿ ಹೇಳಿ ತಿಳಿದದ್ದು.

ಊರು ಬಂತು. ಗುಬ್ಬಿ ಬಸ್ಸು ನಿಲ್ಲಿಸಿ, "ಊರು ಬಂತು, ಇಳೀರಿ," ಎಂದು ಪಿಸುಗುಟ್ಟಿದಳು. ಅಜ್ಜಿ ಇಳಿದಳು. ಅಮ್ಮ ಇಳಿದಳು. ಕೊನೆಯ ಪ್ಯಾಸೆಂಜರು ಇಳಿಯಲಿಲ್ಲ.

"ಊಂ... ಊರು ಬಂತು... ಊಂ... ಅಪ್ಪಾ, ಊರು ಬಂತು... ಊಂ..."

ಅವನ ಬಾಯಿ ಅರ್ಧ ತೆರೆದಿತ್ತು. ಸಣ್ಣಗೆ ಗೊರಕೆ. ಅಮ್ಮ ಬಗ್ಗಿ ನೋಡಿದಳು. ಕೈ ತಾನಾಗಿ ತುಟಿಗೆ ಹೋಯಿತು. ಆಮೇಲೆ ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು ತೋರಿಸಿದಳು. ನಿಜವಾಗಿಯೂ ಮಲಗಿಬಿಟ್ಟಿದ್ದಾರೆ ಎಂದು.

ಹುಡುಗಿ ಕಂಗಾಲಾದಳು. ಬಸ್ಸಿನ ನಿಯಮ ಒಂದು ಕಡೆ, ಮನೆಯ ನಿಯಮ ಒಂದು ಕಡೆ. ಪ್ಯಾಸೆಂಜರನ್ನು ಬಿಟ್ಟು ಹೋಗುವ ಹಾಗಿಲ್ಲ. ಅಪ್ಪನನ್ನು ಎಬ್ಬಿಸುವ ಹಾಗಿಲ್ಲ. ಎಂಜಿನ್ ನಿಲ್ಲಿಸುವ ಹಾಗಿಲ್ಲ, ಉಸಿರು ಮುಗಿಯುತ್ತ ಬಂದಿದೆ. ಕಣ್ಣು ತುಂಬಿಕೊಂಡು ಅವಳು ಅಜ್ಜಿಯ ಕಡೆ ನೋಡಿದಳು. ಮನೆಯ ನಿಯಮ ಮಾಡಿದವಳು ಅವಳೇ.

ಅಜ್ಜಿ ಮಲಗಿದ್ದ ಮಗನನ್ನು ನೋಡಿದಳು. ಕಣ್ಣು ಮುಚ್ಚಿ ಏನೋ ಅಂದುಕೊಂಡಳು. ಈ ಮನೆಯಲ್ಲಿ ಯಾರೂ ಕೇಳಿರದಷ್ಟು ಗಟ್ಟಿಯಾದ ದನಿಯಲ್ಲಿ, ಗಂಟಲಲ್ಲಿ ಕೂತಿದ್ದ ಧೂಳು ಕೊಡವಿಕೊಂಡು, ಹೇಳಿದಳು: "ನನ್ನ ಮುಖ ಏನು ನೋಡ್ತೀಯೇ? ಬಸ್ಸು ನಿಂದು. ಊರು ಬಂದಿದೆ. ಎಬ್ಬಿಸು ನಿನ್ನ ಪ್ಯಾಸೆಂಜರನ್ನ!"

ಗುಬ್ಬಿ ಎದೆ ತುಂಬ ಉಸಿರು ಎಳೆದುಕೊಂಡಳು.

"ಊರು ಬಂತೂ! ಏಳ್ರೀ! ಊರು ಬಂತೂ!"

ಮೇಜಿನ ಮೇಲಿನ ಚಮಚಗಳು ಝಲ್ಲೆಂದವು. ಗೋಡೆ ಗಡಿಯಾರದೊಳಗೆ ಏನೋ ಠಿಣ್ ಎಂದಿತು. ಅವನು ಆ ದನಿಯ ದಾರಿ ಹಿಡಿದು, ನಿದ್ದೆಯ ತಳದಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದ. ಎದೆ ಧಸಕ್ಕೆನ್ನಲಿಲ್ಲ. ಕಣ್ಣು ತೆರೆಯುವ ಮೊದಲೇ ಅದು ಯಾರ ದನಿ ಎಂದು ಗೊತ್ತಿತ್ತು.

"ಬಂತಾ?" ಎಂದ.

"ಬಂತು! ಎಷ್ಟು ಹೊತ್ತಿಂದ ಕೂಗ್ತಿದ್ದೀನಿ!" ಎಂದು ಅವಳು ಗದರಿದಳು, ಗಟ್ಟಿಯಾಗಿ, ಅಳುತ್ತ ನಗುತ್ತ. ಅವನು ನಿಯಮದಂತೆ ಮೊದಲು ಬಸ್ಸಿನಿಂದ ಇಳಿದ. ಆಮೇಲೆ ಚಾಲಕರನ್ನು ಎತ್ತಿಕೊಂಡ.

ಹೆಂಡತಿ ಕಪ್ಪು ಪರದೆ ಸರಿಸಿದಳು. ಹೂವಿನ ಬೆಳಕು ಒಳಗೆ ಬಿತ್ತು. ಎದುರುಮನೆಯ ಬಾಲ್ಕನಿಯಲ್ಲಿ ಹಲ್ಲಿನ ಡಾಕ್ಟರು ಹಾಡು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಇಷ್ಟು ವರ್ಷ ಆ ಮನೆಯಿಂದ ಒಂದು ಕೆಮ್ಮೂ ಕೇಳಿರಲಿಲ್ಲ ಅವರಿಗೆ.

"ಯಾವೂರಮ್ಮಾ ಬಂದಿದ್ದು?" ಎಂದು ಕೂಗಿದರು. "ನಾನೂ ಇಳಿಯೋನಿದ್ದೆ!"

ಗುಬ್ಬಿ ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಕಿಟಕಿಯ ಸರಳು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗಿದಳು: "ನಮ್ಮೂರೂ!"

ಸೋಮವಾರ ಸಂಜೆ ಅವನು ಮುಖಗವಸು ಕಟ್ಟಿಕೊಂಡು ಡಿಪೋಗೆ ಹೋದ. ಬಸ್ಸಿನ ನೆತ್ತಿಯ ಮೇಲಿನ ಬಾಡಿದ ಹೂವನ್ನು ಕಾವಲುಗಾರ ಗುಡಿಸಲು ಬಂದರೆ ಬೇಡವೆಂದ. ದಾರಿಯ ಗಾಳಿಯೇ ಅವನ್ನು ಒಂದೊಂದಾಗಿ ಇಳಿಸಿಕೊಂಡಿತು. ಮರುದಿನ ಬೆಳಿಗ್ಗೆ ಬಂದು, ಎರಡು ತುತ್ತು ತಿಂದು, ಕೋಣೆಗೆ ಹೋಗಿ ಮಲಗಿದ. ಹೊರಗೆ ಮನೆ ರೂಢಿಯಂತೆ ಉಸಿರು ಬಿಗಿಹಿಡಿಯಿತು. ಅವನು ಆ ಮಗ್ಗುಲಿಗೆ ತಿರುಗಿದ, ಈ ಮಗ್ಗುಲಿಗೆ ತಿರುಗಿದ. ಕೊನೆಗೆ ಮಲಗಿದಲ್ಲಿಂದಲೇ ಕೂಗಿದ:

"ಗುಬ್ಬೀ! ಎಂಜಿನ್ ಆಫ್ ಆಗಿದೆ ನೋಡೇ! ನಿದ್ದೆ ಬರ್ತಿಲ್ಲ ನಂಗೆ!"

ಹೊರಗೆ ಹೆಜ್ಜೆಯ ಸದ್ದು. ಆಮೇಲೆ ಕಂಬಳಿ ಎಳೆದ ಸಪ್ಪಳ. ಹೊಲಿಗೆ ಯಂತ್ರ ಬರಿಯ ಮರದ ಮೇಲೆ ಕೂತು ಕಟಕಟ ಎಂದು ಬಾಯಿಬಿಟ್ಟಿತು. ತಾಯಿಯ ಪ್ರಾರ್ಥನೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು, ಅದರಲ್ಲಿ ತನ್ನ ಹೆಸರೂ ಇತ್ತು. ಅದರ ಮೇಲೆ, ಎಲ್ಲಕ್ಕಿಂತ ಮೇಲೆ, ಬೆಟ್ಟದ ಮೇಲೆ ಮಲಗಲು ಹೊರಟ ಮೋಡದ ಹಾಡು ಶುರುವಾಯಿತು.

ಎರಡನೆಯ ಸಾಲು ಅವನಿಗೆ ಕೇಳಿಸಲಿಲ್ಲ.